ಐವತ್ತು ಕಥೆಗಳ ಕೊನೆಯ ನಾಲ್ಕು ಸಾಲು

ಪುಸ್ತಕ ಅಚ್ಚು ಹಾಕಿಸಲು ಬರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಪುಟಗಳನ್ನು ಹದಿನಾರರ ಲೆಕ್ಕದಲ್ಲಿ ಎಣಿಸಿ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚಾಗಿ ಮಡಚಿಕೊಂಡರೆ ಹದಿನಾರು ಪುಟ. ನಮ್ಮ ಕಸುಬಿನಲ್ಲಿ ಅದಕ್ಕೆ ಒಂದು ಫಾರಂ ಅನ್ನುತ್ತೇವೆ. ನಿಮ್ಮ ಪುಸ್ತಕ ನೂರ ಅರವತ್ತಕ್ಕೆ ನಿಂತರೆ ಹತ್ತು ಫಾರಂ, ಅಚ್ಚುಕಟ್ಟು. ನೂರ ಅರವತ್ತಾರಕ್ಕೆ ಹೋಯಿತೋ, ಆ ಆರು ಪುಟಕ್ಕಾಗಿ ಇನ್ನೊಂದು ಫಾರಂ, ಅದರಲ್ಲಿ ಹತ್ತು ಪುಟ ಖಾಲಿ. ಆ ಆರನ್ನು ಎಲ್ಲಿಂದಲಾದರೂ ಕಿತ್ತು ತೆಗೆಯುವುದೇ ನನ್ನ ವಿದ್ಯೆ. ಗದಗಿನ ಒಂದು ಪ್ರೆಸ್ಸಿನಲ್ಲಿ ಹಾಳೆ ಮಡಚುತ್ತಿದ್ದವನನ್ನು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಸ್ವಂತ ಬೋರ್ಡು ಹಾಕಿಕೊಳ್ಳುವವರೆಗೆ ತಂದದ್ದು ಇದೇ. ನನ್ನ ಹತ್ತಿರ ಮಷಿನ್ನಿಲ್ಲ. ಒಂದು ಲ್ಯಾಪ್‌ಟಾಪು, ಒಂದು ನಾಲಿಗೆ. ಗಿರಾಕಿಗೂ ಪ್ರೆಸ್ಸಿಗೂ ನಡುವೆ ನಿಂತು ಮಾತಾಡುವವನು ನಾನು.

ಹೀಗೆ ಆರು ಪುಟ ಕಿತ್ತ ಒಂದು ಸಲ ಹೆದರಿದಷ್ಟು ನಾನು ಬದುಕಿನಲ್ಲಿ ಇನ್ನೊಮ್ಮೆ ಹೆದರಿಲ್ಲ.

ಆ ಪುಸ್ತಕ ಟೀಚರಮ್ಮನವರದು. ಇಲ್ಲಿನ ಕನ್ನಡದ ಮನೆಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಮೈಸೂರಿನವರು, ಎಪ್ಪತ್ತು ದಾಟಿದವರು, ಕಾಲೇಜಿನಲ್ಲಿ ಪಾಳಿ ಭಾಷೆ ಓದಿದವರು. ಗಂಡನ ಕೆಲಸದ ಜೊತೆ ಬಂದು, ಗಂಡ ಹೋದ ಮೇಲೂ ಇಲ್ಲೇ ಉಳಿದರು. ಭಾನುವಾರ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅಕ್ಷರಕ್ಕೆ ಹಟ ಮಾಡುವ ಮಕ್ಕಳೂ ಕಥೆಗೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದವು. ಹೇಳುತ್ತಿದ್ದುದೆಲ್ಲ ಬುದ್ಧನ ಹಿಂದಿನ ಜನ್ಮಗಳ ಕಥೆ. ಆತ ಆನೆಯಾಗಿದ್ದಾಗ, ಮೊಲವಾಗಿದ್ದಾಗ, ವ್ಯಾಪಾರಿಯಾಗಿದ್ದಾಗ ನಡೆದದ್ದು. ಕೌಲಾಲಂಪುರದ ಒಂದು ಸಿಂಹಳ ವಿಹಾರದಲ್ಲಿ ವಯಸ್ಸಾದ ಭಿಕ್ಷು ಒಬ್ಬರ ಎದುರು ವರ್ಷಗಟ್ಟಲೆ ಕೂತು, ಅಂಥ ಐವತ್ತು ಕಥೆಗಳನ್ನು ಪಾಳಿಯಿಂದ ನೇರ ಕನ್ನಡಕ್ಕೆ ತಂದಿದ್ದರು. ವೆಸಾಕ್ ದಿನ, ಅಂದರೆ ಬುದ್ಧ ಪೂರ್ಣಿಮೆಗೆ, ವಿಹಾರದ ಬಾಗಿಲಲ್ಲಿ ದಾನವಾಗಿ ಹಂಚಲು ಪುಸ್ತಕ ಮಾಡಿಸುವುದು ಇಲ್ಲಿನ ಪದ್ಧತಿ. ಮಾರುವಂತಿಲ್ಲ. ಓದಿದವರ ಪುಣ್ಯದಲ್ಲಿ ಮಾಡಿಸಿದವರಿಗೂ ಪಾಲು ಎಂದು ಲೆಕ್ಕ.

ಕೆಲಸ ನನ್ನ ಕೈಗೆ ಬಂದ ತಿಂಗಳೇ ಅವರ ಹೃದಯದ ಕವಾಟ ಕೈಕೊಟ್ಟಿತು. ಒಬ್ಬಳೇ ಮಗಳು ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. ಆ ಊರಿನ ಆಸ್ಪತ್ರೆಯೊಂದರಲ್ಲಿ ಶನಿವಾರ ಆಪರೇಷನ್ ಎಂದು ಗೊತ್ತಾಯಿತು. ಟೀಚರಮ್ಮ ಫೋನು ಮಾಡಿದರು.

"ಶುಕ್ರವಾರದೊಳಗೆ ಒಂದು ಪ್ರತಿ ನನ್ನ ಕೈಗೆ ಬರ್ಬೇಕು ರೀ. ಎಲ್ಲಾ ಸರಿಯಾಗಿದೆ ಅಂತ ಕಣ್ಣಲ್ಲಿ ನೋಡಿ ಒಳಗೆ ಹೋಗ್ತೀನಿ. ಆಮೇಲೆ ಏನಾದ್ರೂ ಆಗ್ಲಿ."

"ಹಂಗ್ಯಾಕ ಮಾತಾಡ್ತೀರಿ ಟೀಚರ. ಗುರುವಾರ ಬೈಂಡಿಂಗ್ ಮುಗೀತೈತಿ. ಶುಕ್ರವಾರ ನಾನ ಕೈಯಾಗ ಹಿಡಕೊಂಡು ಬರ್ತೀನಿ."

ಪುಟ ಜೋಡಿಸಿ ನೋಡಿದೆ: ನೂರ ಅರವತ್ತಾರು. ಅಕ್ಷರ ಸಣ್ಣ ಮಾಡೋಣವೆಂದರೆ ಮಕ್ಕಳು ಓದುವ ಪುಸ್ತಕ. ಅಂಚು ಆಗಲೇ ಬಿಗಿ. ಮೇಲಿಂದ ಕೆಳಗೆ ಕಣ್ಣಾಡಿಸುತ್ತ ಹೋದಾಗ ಸಿಕ್ಕಿತು. ಪ್ರತಿ ಕಥೆಯ ತುದಿಗೂ ನಾಲ್ಕು ಸಾಲು, ಎಲ್ಲ ಒಂದೇ ಎರಕದವು. ಅಂದಿನ ರಾಜ ಇಂದಿನ ಇಂಥವನು, ಅಂದಿನ ನರಿ ಇಂದಿನ ಇಂಥವನು, ಅಂದಿನ ಆನೆ ನಾನೇ ಎಂದು ಬುದ್ಧ ಹೇಳುವುದು. ಕಥೆ ಅದಕ್ಕಿಂತ ಮುಂಚೆಯೇ ಮುಗಿದಿರುತ್ತಿತ್ತು. ಮುಗಿದ ಮೇಲೆ ಯಾರು ಯಾರಾಗಿದ್ದರೇನು ಅನ್ನಿಸಿತು. ಐವತ್ತು ನಾಲ್ಕಲೆ ಇನ್ನೂರು ಸಾಲು. ಅಳೆದು ಹೊಲಿದ ಹಾಗೆ ಆರು ಪುಟ. ಒಂದು ಮಧ್ಯಾಹ್ನ ಕೂತು ಐವತ್ತನ್ನೂ ಅಳಿಸಿದೆ, ಅದೇ ಫೈಲಿನ ಮೇಲೆ ಉಳಿಸಿದೆ, ಎದ್ದು ತಮಿಳು ಮುಸ್ಲಿಮರ ಮಾಮಕ್ ಅಂಗಡಿಗೆ ಹೋಗಿ ಖುಷಿಯಾಗಿ ಚಹಾ ಕುಡಿದು ಬಂದೆ. ಆ ವಾರ ಟೀಚರಮ್ಮನಿಗೆ ಒಂದರ ಮೇಲೊಂದು ಟೆಸ್ಟು. ಕೊನೆಯ ಪ್ರೂಫು ಕಳಿಸಿ ಅವರಿಗೆ ತೊಂದರೆ ಕೊಡುವುದೇಕೆಂದು ಕಳಿಸಲಿಲ್ಲ. ಅಂದರೆ, ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಬರೆದವರ ಸಹಿ ಬೀಳದ ಪ್ರೂಫನ್ನು ಯಾವ ಕಾರಣಕ್ಕೂ ಮಷಿನ್ನಿಗೆ ಬಿಡಬೇಡಿ. ಇದನ್ನು ನಾನು ಊರಿಗೆಲ್ಲ ಹೇಳುತ್ತಿದ್ದೆ.

ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಅಚ್ಚು ಹಾಕಿಸಿದ ಪುಸ್ತಕಗಳನ್ನು ಓದುವವನಲ್ಲ. ಪುಟ ನೋಡುತ್ತೇನೆ, ಓದುವುದಿಲ್ಲ.

ಗುರುವಾರ ಬೈಂಡರ್ ಹತ್ತಿರ ಗೋಂದು ಒಣಗುವುದನ್ನು ಕಾಯುತ್ತ ಕೂತಿದ್ದೆ. ಕೈಯಲ್ಲಿ ಬೇರೇನೂ ಇರಲಿಲ್ಲ. ಒಂದು ಪ್ರತಿ ತೆರೆದೆ. ಮುನ್ನುಡಿ.

ಈ ಕಥೆಗಳು ಒಟ್ಟಾದದ್ದು ಹೇಗೆ ಎಂದು ಟೀಚರಮ್ಮ ಅದರಲ್ಲಿ ಮಕ್ಕಳಿಗೂ ತಿಳಿಯುವ ಹಾಗೆ ಬರೆದಿದ್ದರು. ಮೂಲದಲ್ಲಿ ಗಟ್ಟಿಯಾಗಿ ನಿಂತದ್ದು ಪದ್ಯಗಳು ಮಾತ್ರ. ಬುದ್ಧವಚನವೆಂದು ಅವನ್ನು ಅಕ್ಷರ ಕದಲದಂತೆ ಕಾಪಾಡಿದರು. ಒಂದು ಪದ್ಯದ ಕಥೆಗಳು ಮೊದಲು, ಎರಡು ಪದ್ಯದವು ಆಮೇಲೆ, ಹೀಗೆ ಪದ್ಯದ ಎಣಿಕೆಯ ಮೇಲೆ ಕಥೆಗಳನ್ನು ಜೋಡಿಸಿದರು. ಇದನ್ನು ಓದಿದಾಗ ನನಗೆ ಸಂತೋಷವಾಯಿತು. ಗೋದಾಮಿನಲ್ಲಿ ಕಾಗದದ ರಿಮ್ಮುಗಳನ್ನು ಅಳತೆ ನೋಡಿ ಜೋಡಿಸಿದ ಹಾಗೆ, ಬುದ್ಧಿವಂತರ ಕೆಲಸ. ಪದ್ಯದ ಸುತ್ತಲಿನ ಗದ್ಯದ ಕಥೆ ಬೇರೆಯಾಗಿ, ವಿವರಣೆಯಾಗಿ ಬಂದದ್ದು. ಅದು ಸಮುದ್ರ ದಾಟಿ ಲಂಕೆಗೆ ಹೋಗಿ, ಬಹುಕಾಲ ಸಿಂಹಳ ಭಾಷೆಯಲ್ಲಿದ್ದು, ಮತ್ತೆ ಪಾಳಿಗೆ ತಿರುಗಿತು ಎಂಬ ನಂಬಿಕೆ ಇದೆ. ಅಚ್ಚು, ಓಲೆ ಒಂದೂ ಇಲ್ಲದ ಕಾಲದಲ್ಲಿ ಇವನ್ನು ಹೊತ್ತವರು ಬಾಯಿಪಾಠದ ಭಿಕ್ಷುಗಳು. ಒಟ್ಟಿಗೆ ಕೂತು ಹೇಳುತ್ತಿದ್ದರು. ಒಬ್ಬನ ನಾಲಿಗೆ ತಪ್ಪಿದರೆ ಪಕ್ಕದವನ ಕಿವಿಗೆ ಗೊತ್ತಾಗುತ್ತಿತ್ತು.

ಪುಟ ತಿರುವಿದೆ. ಈ ಕಥೆಗಳಲ್ಲಿ ಬಹಳಷ್ಟು ಬುದ್ಧನಿಗಿಂತ ಮುಂಚಿನಿಂದಲೂ ಜನರ ಬಾಯಲ್ಲಿದ್ದವು ಎಂದಿತ್ತು. ಮಂಗ, ಮೊಸಳೆ, ನರಿಗಳ ಮಾಮೂಲಿ ಕಥೆಗಳು. ಸಂಕಲನ ಮಾಡಿದವರು ಅವುಗಳ ಮುಂದೆ ಬುದ್ಧ ಇದನ್ನು ಎಲ್ಲಿ, ಯಾರಿಗಾಗಿ ಹೇಳಿದ ಎಂದು ಸೇರಿಸಿದರು. ಹಿಂದೆ, ಅಂದು ಯಾರು ಯಾರಾಗಿದ್ದರು ಎಂದು ಜೋಡಿಸಿದರು. "ಆ ಕೊನೆಯ ಜೋಡಣೆಯಲ್ಲೇ ಕಥೆಯ ಉಸಿರಿದೆ. ಅದನ್ನು ತೆಗೆದರೆ ಇದು ಮತ್ತೆ ಬರೀ ಬೀದಿಯ ಕಥೆ. ಆದ್ದರಿಂದ ಮಕ್ಕಳೇ, ಕೊನೆಯ ನಾಲ್ಕು ಸಾಲನ್ನು ಜೋರಾಗಿ ಓದಿ."

ಆ ಪುಟದಿಂದ ಮುಂದೆ ಐವತ್ತು ಕಥೆ, ಒಂದಕ್ಕೂ ಕೊನೆ ಇರಲಿಲ್ಲ.

ನಿಜ ಹೇಳಬೇಕೆಂದರೆ ಮೊದಲು ಹೆದರಿದ್ದು ನನ್ನ ಹೆಸರಿಗೆ. ಇಲ್ಲಿನ ಕನ್ನಡದವರು ಎಷ್ಟು ಜನ, ಎಲ್ಲರಿಗೂ ಎಲ್ಲರೂ ಗೊತ್ತು. ಆಮೇಲೆ, ಬೈಂಡರ್‌ನ ಫ್ಯಾನಿನ ಕೆಳಗೆ ಬೆವರುತ್ತ ಕೂತಿದ್ದಾಗ, ಎರಡನೇ ಹೆದರಿಕೆ ಬಂತು. ಅದು ಬಂದ ಮೇಲೆ ಮೊದಲನೆಯದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಟೀಚರಮ್ಮ ಇದನ್ನು ನೋಡಿದರೆ? ನೋಡಿದ ಮರುದಿನವೇ ಅವರ ಎದೆ ತೆರೆಯುತ್ತಾರೆ. ಹೊರಗೆ ಹೋಗಿ ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಇಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಅರ್ಧ ಇಂಗ್ಲಿಷಿನಲ್ಲಿ.

"ಅಂಕಲ್, ಡೋಂಟ್ ಟೆಲ್ ಹರ್ ಲಾ. ಬಿಪಿ ಆಲ್ರೆಡಿ ಮೇಲೆ ಇದೆ. ಕವರ್ ತೋರ್ಸಿ, ಚೆನ್ನಾಗಿದೆ ಅನ್ನಿ, ಗೋ ಹೋಮ್."

"ಅವರ ತಗದು ಓದ್ತೀನಿ ಅಂದ್ರ?"

"ಕಣ್ಣಿಗೆ ಡ್ರಾಪ್ಸ್ ಹಾಕಿದಾರೆ ಅಂತ ನಾನು ಹೇಳ್ತೀನಿ. ಬುಕ್ ನಿಮ್ ಕೈಯಲ್ಲೇ ಇರ್ಲಿ. ಪ್ಲೀಸ್."

ಶುಕ್ರವಾರ ಮೆಲಾಕಾದ ಹೆದ್ದಾರಿಯುದ್ದಕ್ಕೂ ಪುಸ್ತಕ ಪಕ್ಕದ ಸೀಟಿನಲ್ಲಿತ್ತು. ನಾನು ಯಾವ ಬಾಗಿಲ ಒಳಗೂ ಮಾತು ಕೂಡಿಸಿಕೊಳ್ಳದೆ ಹೋದವನಲ್ಲ. ಅವರು ಹೀಗಂದರೆ ಹಾಗನ್ನಬೇಕು ಎಂದು ಮೊದಲೇ ಕಟ್ಟಿಕೊಂಡಿರುತ್ತೇನೆ. ಅವತ್ತು ಎರಡು ವಾಕ್ಯ ಕಟ್ಟುವಷ್ಟರಲ್ಲಿ ಮೂರನೆಯದು ಮರೆತುಹೋಗುತ್ತಿತ್ತು.

ಟೀಚರಮ್ಮ ದಿಂಬಿಗೆ ಒರಗಿ ಕೂತಿದ್ದರು. ಒಂದು ತಿಂಗಳಲ್ಲಿ ಅರ್ಧ ಆಗಿದ್ದರು. ಪುಸ್ತಕವನ್ನು ಮುಟ್ಟಿದರು, ಬೆನ್ನು ಸವರಿದರು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ಮಗಳು ಕಾಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಮ್ಮ, ಐ ಡ್ರಾಪ್ಸ್. ಓದ್ಬಾರ್ದು."

"ನಾನೆಲ್ಲಿ ಓದ್ತೀನಿ. ಇವರೇ ಓದ್ಲಿ." ಪುಸ್ತಕ ನನ್ನ ಕೈಗೆ ತಿರುಗಿ ಬಂತು. "ಮೊಸಳೆ, ಮಂಗನ ಕಥೆ ತೆಗೀರಿ. ಇವಳು ಚಿಕ್ಕವಳಿದ್ದಾಗ ದಿನಾ ಅದೇ ಬೇಕಿತ್ತು. ನಾಳೆ ನನ್ನ ಹೃದಯಾನೂ ಹೊರಗಿಡ್ತಾರಲ್ಲ, ಅದಕ್ಕೆ ಸರಿಯಾಗಿದೆ."

ನಾವಿಬ್ಬರೂ ನಗಲಿಲ್ಲ. ನಾನು ಓದತೊಡಗಿದೆ. ಮೊಸಳೆಯ ಹೆಂಡತಿಗೆ ಮಂಗನ ಹೃದಯ ತಿನ್ನುವ ಬಯಕೆ. ಮೊಸಳೆ ಮಂಗನನ್ನು ಬೆನ್ನ ಮೇಲೆ ಕೂರಿಸಿಕೊಂಡು ನದಿಯ ನಡುವೆ ಮುಳುಗಿಸಲು ಹೋಗುತ್ತದೆ. ಹೃದಯವನ್ನು ಅತ್ತಿಮರದ ಮೇಲೇ ಬಿಟ್ಟು ಬಂದಿದ್ದೇನೆ ಎಂದು ಮಂಗ ಹೇಳಿ ಪಾರಾಗುತ್ತದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಪುಟದ ಮೇಲೆ ಕಥೆ ಮುಗಿಯಿತು. ಕೆಳಗೆ ಒಂದು ಚಿಕ್ಕ ಹೂವಿನ ಚಿತ್ರ, ನಾನೇ ಹಾಕಿದ್ದು. ಉಸಿರು ಬಿಡದೆ ಮುಂದುವರಿಸಿದೆ. ಐವತ್ತನ್ನು ಅಳಿಸಿದವನಿಗೆ ಅದರ ಧಾಟಿ ಬಾರದೆ ಇರುತ್ತದೆಯೇ.

"ಅಂದಿನ ಮೊಸಳೆ ಇಂದು ನನಗೆ ಕೇಡು ಬಗೆದ ದಾಯಾದಿ. ಅಂದಿನ ಮಂಗ ನಾನೇ."

"ಹೆಂಡತಿ?"

"ಏನ್ರಿ?"

"ಮೊಸಳೆ ಹೆಂಡತಿ. ಅವಳು ಯಾರು ಅಂತ ಓದ್ಲೇ ಇಲ್ವಲ್ಲ."

ಪುಟದ ಮೇಲಿನ ಹೂವನ್ನು ನೋಡಿದೆ. "ಅವಳು... ಇಂದಿನ ಒಬ್ಬ ಭಿಕ್ಷುಣಿ."

ಟೀಚರಮ್ಮ ಕಣ್ಣು ಬಿಟ್ಟರು. ಬುದ್ಧನ ಮೇಲೆ ಸುಳ್ಳು ಅಪವಾದ ಹೊರಿಸಿದ ಹೆಂಗಸು ಅವಳು ಎಂದು ನನಗೆ ಆಮೇಲೆ ತಿಳಿಯಿತು. ಅವರು ಕೈ ಚಾಚಿದರು. ಮಗಳು ಬೇಡವೆಂದು ತಲೆಯಾಡಿಸುತ್ತಿದ್ದಳು. ಆದರೂ ಚಾಚಿದ ಆ ಕೈಗೆ ಪುಸ್ತಕ ಕೊಡದೆ ಇರಲು ನನಗಾಗಲಿಲ್ಲ. ಒಂದು ಕಥೆಯ ತುದಿ ನೋಡಿದರು, ಇನ್ನೊಂದರದು ನೋಡಿದರು, ಐದಾರು ನೋಡಿದರು. ಪಕ್ಕದ ಯಂತ್ರದ ಮೇಲಿನ ಅಂಕಿ ಏರುವುದು ನನಗೂ ಕಾಣುತ್ತಿತ್ತು.

"ಎಲ್ಲಾದರದೂ?"

"ಐವತ್ತೂ ರೀ. ಒಂದು ಫಾರಂ ಉಳಸಾಕ. ತಪ್ಪು ನಂದ."

"ಬಾಯಲ್ಲಿ ಹೊತ್ಕೊಂಡು ಸಮುದ್ರ ದಾಟಿಸಿದ್ರು ಇದನ್ನ," ಎಂದರು ಮೆಲ್ಲಗೆ. "ನೀವು ಒಂದು ಹಾಳೆ ಹೊರಲಾರದೆ ಹೋದ್ರಿ." ಆಮೇಲೆ ಮಗಳಿಗೆ, "ಸರ್ಜನ್‌ಗೆ ಹೇಳು. ನಾಳೆ ಬೇಡ. ಇದು ಸರಿಯಾದ ಮೇಲೆ ಬರ್ತೀನಿ."

"ಅಮ್ಮ, ಯು ಡೋಂಟ್ ಹ್ಯಾವ್ ದಟ್ ಕೈಂಡ್ ಆಫ್ ಟೈಮ್." ಡಾಕ್ಟರ ದನಿಯಲ್ಲಿ ಹೇಳಲು ಹೊರಟಿದ್ದಳು. ಅರ್ಧದಲ್ಲಿ ದನಿ ಒಡೆಯಿತು. "ಇನ್ನೊಂದ್ ವೀಕ್ ಆಗಲ್ಲ. ಆಗಲ್ಲ ಅಮ್ಮ."

ಕಾಗದದ ವ್ಯಾಪಾರ ಮುರಿದುಬಿದ್ದರೆ ಬೇರೆ ಗಿರಾಕಿ ಹುಡುಕಬಹುದು. ಈ ಮಾತು ಮುರಿದುಬಿದ್ದರೆ? ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ. ಚೌಕಾಸಿಯಲ್ಲಿ ನಿಂತು ಮಾತಾಡಬಾರದು, ಕೂತು ಆಡಬೇಕು; ಎದುರಿನವರು ಎದ್ದು ಹೋಗುವುದು ಕಷ್ಟವಾಗುತ್ತದೆ. ಅವರಿಗೆ ಹೇಗೂ ಎದ್ದು ಹೋಗಲು ಆಗುತ್ತಿರಲಿಲ್ಲ.

"ಟೀಚರ, ಹನ್ನೊಂದನೇ ಫಾರಂ ಹಾಕಸ್ತೀನಿ. ಐವತ್ತು ಕೊನೀನೂ ಸಾಲಾಗಿ, ದೊಡ್ಡ ಅಕ್ಷರದಾಗ. ಹಳೇ ಹೊದಿಕೆ ಬಿಚ್ಚಿಸಿ, ಅದನ್ನ ಸೇರಿಸಿ, ಹೊಸಾದು ಹಾಕಸ್ತೀನಿ. ನೀವು ನಾಳೆ ಒಳಗ ಹೋಗ್ರಿ."

"ಹಿಂದೆ ಒಂದ್ಕಡೆ ಗುಡ್ಡೆ ಹಾಕಿದ್ರೆ ಯಾರು ರೀ ಓದ್ತಾರೆ?"

"ಪದ್ಯ ಒಂದು ಕಡೆ, ಕಥೆ ಒಂದು ಕಡೆ ಇತ್ತು ಅಂತ ನೀವ ಬರದೀರಿ ಮುನ್ನುಡ್ಯಾಗ. ಅಷ್ಟು ಕಾಲ ಹಂಗ ನಡದೈತಿ. ನಮ್ಮದರಾಗ ಬರೇ ಹತ್ತು ಫಾರಂ ದೂರ."

ಅವರು ನನ್ನನ್ನು ನೋಡಿದ ರೀತಿಗೆ ಏನೆನ್ನಬೇಕೋ ತಿಳಿಯದು. "ಮುನ್ನುಡಿ ಓದಿದ್ರಾ? ಯಾವಾಗ?"

"ನಿನ್ನೆ ರೀ."

"ನಿನ್ನೆ." ಪುಸ್ತಕ ಮುಚ್ಚಿದರು. "ಫೈಲ್ ಇದೆ ತಾನೆ?"

ಅಲ್ಲೇ ನನ್ನ ಎರಡನೇ ತಪ್ಪು ಹೊರಬಂತು. ಈಮೇಲಿನಲ್ಲಿ ಉಳಿದದ್ದು ಅವರ ಮೊದಲ ಕರಡು. ವಿಹಾರದ ಆ ಭಿಕ್ಷುವಿನೊಡನೆ ಮತ್ತೆ ಕೂತು ತಿದ್ದಿದ್ದನ್ನೆಲ್ಲ ಅವರು ಫೋನಿನಲ್ಲಿ ಹೇಳಿದ್ದರು. ನಾನು ನೇರವಾಗಿ ಫೈಲಿಗೆ ಹಾಕಿದ್ದೆ, ಅದೇ ಫೈಲಿನ ಮೇಲೆ ಅಳಿಸಿಯೂ ಇದ್ದೆ. ತಿದ್ದಿದ ಕೊನೆಗಳು ಈಗ ಇದ್ದದ್ದು ಅವರ ತಲೆಯಲ್ಲಿ ಮಾತ್ರ. ನರ್ಸು ಬಂದು ಹೊತ್ತಾಯಿತು, ಇನ್ನು ಮಾತು ಸಾಕು ಎಂದಳು.

"ಇವಳಿಗೆ ಗೊತ್ತು," ಎಂದರು ಟೀಚರಮ್ಮ, ಮಗಳ ಕಡೆ ಗಲ್ಲ ಚಾಚಿ. "ಓದೋಕೆ ಬರಲ್ಲ, ಅಕ್ಷರ ಕಲೀಲೇ ಇಲ್ಲ ಹಟಮಾರಿ. ಆದ್ರೆ ಐವತ್ತೂ ಕೇಳಿದಾಳೆ, ತಿದ್ದಿದ ಮೇಲೂ ಒಂದೊಂದನ್ನೂ ಇವಳಿಗೇ ಹೇಳಿದ್ದು. ನೀವು ಓದಿ. ತಪ್ಪಿದ್ರೆ ಅವಳ ಕಿವಿಗೆ ಗೊತ್ತಾಗತ್ತೆ. ನಾನು ಏಳೋ ಹೊತ್ತಿಗೆ ಮುಗಿದಿರ್ಬೇಕು."

"ಮುಗಸ್ತೀವ್ರಿ."

"ಏಳದೇ ಇದ್ರೂ ಮುಗಿದಿರ್ಬೇಕು. ಒಪ್ಪಿಗೇನಾ?"

ನಾನು ತಲೆಯಾಡಿಸಿದೆ. ಅವರು ನಾಳೆಯ ಆಪರೇಷನ್ನಿಗೆ ಒಪ್ಪಿಕೊಂಡರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅವರನ್ನು ಒಳಗೆ ಕರೆದೊಯ್ದರು. ಮಗಳು ತಳ್ಳುಗಾಡಿಯ ಜೊತೆ ಬಾಗಿಲವರೆಗೆ ನಡೆದಳು. ಬಾಗಿಲು ಮುಚ್ಚಿದ ಮೇಲೂ ಅಲ್ಲೇ ನಿಂತಿದ್ದು, ಆಮೇಲೆ ಬಂದು ನನ್ನಿಂದ ಒಂದು ಕುರ್ಚಿ ಬಿಟ್ಟು ಕೂತಳು.

"ನಿಮ್ ಹತ್ರ ನಾನು ಮಾತಾಡ್ತಿಲ್ಲ ಅಂಕಲ್. ಜಸ್ಟ್ ಓದಿ."

ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಹಳೆಯ ಕರಡಿನ ಕೊನೆಗಳನ್ನು ಓದತೊಡಗಿದೆ. ಬರೀ ಕೊನೆ ಓದಿದರೆ ಅವಳಿಗೆ ಹಿಡಿತ ಸಿಗುತ್ತಿರಲಿಲ್ಲ. ಕಥೆಯನ್ನು ಎರಡು ಮಾತಲ್ಲಿ ಹೇಳಿ ಕೊನೆಗೆ ಬರಬೇಕಿತ್ತು. ಮೂರನೇ ಕಥೆಯಲ್ಲಿ ನಿಲ್ಲಿಸಿದಳು. "ನೋ. ಆ ವ್ಯಾಪಾರಿ ನೀವ್ ಓದಿದವನಲ್ಲ. ಅಮ್ಮ ಆ ವ್ಯಾಪಾರಿಗೆ ಮೂಗಲ್ಲಿ ಮಾತಾಡೋ ವಾಯ್ಸ್ ಮಾಡ್ತಿದ್ಲು. ಮೂಗಿನ ವಾಯ್ಸ್ ಆ ದಾಯಾದಿಗೆ ಮಾತ್ರ." ಒಂಬತ್ತನೆಯದರಲ್ಲಿ ಮತ್ತೆ. ಹದಿನಾಲ್ಕರಲ್ಲಿ ತನಗೇ ಅನುಮಾನ ಬಂದು, ಕಣ್ಣು ಮುಚ್ಚಿ, ತುಟಿಯಲ್ಲೇ ಇಡೀ ಕಥೆ ಹೇಳಿಕೊಂಡು ಬಂದು, "ಸರಿ ಇದೆ. ಹೋಗಿ," ಎಂದಳು. ಡಾಕ್ಟರಾದ್ದರಿಂದ ಒಳಗೆ ಯಾವ ಹೊತ್ತಿಗೆ ಏನು ಮಾಡುತ್ತಾರೆ ಎಂದು ಅವಳಿಗೆ ಗೊತ್ತು. ಗಡಿಯಾರ ನೋಡಿದಳು. "ಈಗ ಹಾರ್ಟ್ ನಿಲ್ಲಿಸಿರ್ತಾರೆ," ಎಂದಳು. "ಮಷೀನ್ ಮೇಲೆ ಇರ್ತಾಳೆ. ಓದಿ ಅಂಕಲ್, ನಿಲ್ಲಿಸ್ಬೇಡಿ."

ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಒಳಗಿನದೂ ನಿಂತುಬಿಡುತ್ತದೆ ಎಂಬ ಹಾಗೆ ಓದಿದೆ. ಇಂಥ ಹೊತ್ತಿನಲ್ಲಿ ಹತ್ತಿರದವರಿಗೆ ಕೈಗೆ ಏನಾದರೂ ಕೆಲಸ ಕೊಡಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಅವತ್ತು ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಾರೋ ಒಬ್ಬರು ಟಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದ ಅನ್ನದ ಪೊಟ್ಟಣ ನಮ್ಮ ನಡುವಿನ ಕುರ್ಚಿಯಲ್ಲಿಟ್ಟು ಹೋದರು. ಬಿಚ್ಚಲಿಲ್ಲ.

ನಲವತ್ತೊಂದನೇ ಕಥೆ ಮೊಲದ್ದು. ಹಸಿದು ಬಂದ ಅತಿಥಿಗೆ ಕೊಡಲು ಏನೂ ಇಲ್ಲದ ಮೊಲ ತಾನೇ ಬೆಂಕಿಗೆ ಹಾರುತ್ತದೆ. ಅದಕ್ಕೆ ಮೂವರು ಗೆಳೆಯರು: ನೀರುನಾಯಿ, ನರಿ, ಮಂಗ. ನಾನು ಕೊನೆ ಶುರುಮಾಡಿದೆ. ಅಷ್ಟರಲ್ಲಿ ಆ ಬಾಗಿಲು ತೆರೆಯಿತು. ಹಸಿರು ಬಟ್ಟೆಯಲ್ಲಿ ಸರ್ಜನ್, ಮುಖಗವಸು ಕುತ್ತಿಗೆಗೆ ಇಳಿಬಿಟ್ಟುಕೊಂಡು ನಮ್ಮ ಕಡೆಗೇ ಬರುತ್ತಿದ್ದರು. ಅವರ ಮುಖದಲ್ಲಿ ಏನೂ ಓದಲಾಗಲಿಲ್ಲ. ನನ್ನ ನಾಲಿಗೆ ನಿಂತಿತು.

ಅವಳು ಅವರನ್ನು ನೋಡಿದಳು. ಎದ್ದು ಓಡುತ್ತಾಳೆ ಅಂದುಕೊಂಡೆ. ಅಂಗೈ ಎತ್ತಿ ಅವರನ್ನು ಅಲ್ಲೇ ನಿಲ್ಲಿಸಿದಳು. "ಸಾರಿ ಪ್ರೊಫೆಸರ್. ಒನ್ ಮಿನಿಟ್." ನನ್ನ ಕಡೆ ತಿರುಗಿದಳು. "ಓದಿ."

"ಅಂದಿನ ನೀರುನಾಯಿ ಸದಾ ಜೊತೆಗಿದ್ದ ಶಿಷ್ಯ. ಅಂದಿನ ನರಿ ಶಿಷ್ಯರಲ್ಲೆಲ್ಲ ಜ್ಞಾನಿ..."

"ಅಲ್ಲ. ಜ್ಞಾನಿ ಮಂಗ. ನರಿ ಇನ್ನೊಬ್ಬ, ಪವಾಡ ಬರ್ತಿತ್ತಲ್ಲ, ಅವನು. ತಿದ್ದಿ."

ಸರ್ಜನ್ ನೋಡುತ್ತ ನಿಂತಿದ್ದಂತೆ ತಿದ್ದಿದೆ. ಒಂದೇ ಅಕ್ಷರವನ್ನು ಮೂರು ಸಲ ತಪ್ಪಾಗಿ ಒತ್ತಿದೆ.

"ಅಂದಿನ ಮೊಲ ನಾನೇ."

"ಸರಿ," ಎಂದು ಅವಳು ಎದ್ದು ನಿಂತಳು.

ಕವಾಟ ಕೂತಿದೆ, ಹೃದಯ ತಾನಾಗಿ ಮತ್ತೆ ಬಡಿಯತೊಡಗಿದೆ ಎಂದರು ಸರ್ಜನ್. ಇವತ್ತಿಡೀ ಮಲಗಿಸಿಟ್ಟಿರುತ್ತೇವೆ, ನಾಳೆ ಬೆಳಿಗ್ಗೆ ಎಬ್ಬಿಸುತ್ತೇವೆ, ಅಲ್ಲಿಯವರೆಗೆ ಕಾಯೋಣ ಎಂದರು. ಅವಳು ಮೂರು ನಾಲ್ಕು ಡಾಕ್ಟರ ಪ್ರಶ್ನೆ ಕೇಳಿದಳು, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಅವರು ಹೋದ ಮೇಲೆ ಬಂದು ಕೂತಳು, ಈ ಸಲ ನನ್ನ ಪಕ್ಕದ ಕುರ್ಚಿಯಲ್ಲೇ. ಅನ್ನದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ರಬ್ಬರ್ ಬ್ಯಾಂಡು ಬಿಚ್ಚಲು ನೋಡಿದಳು. ಬೆರಳು ಕೇಳಲಿಲ್ಲ. ನಾನೇ ಬಿಚ್ಚಿಕೊಟ್ಟೆ.

"ಇನ್ನೆಷ್ಟಿದೆ?"

"ಒಂಬತ್ತು."

"ನಾಳೆ ಎದ್ದ ತಕ್ಷಣ ಕೇಳ್ತಾಳೆ," ಎಂದಳು. "ನೆಕ್ಸ್ಟ್ ಓದಿ ಅಂಕಲ್."